ಮುಚ್ಚದ ಪೆಟ್ಟಿಗೆ: ಕೇಟ್ ಬುಷ್ ಅವರ 18 ಡಿಸ್ಕುಗಳನ್ನು ಕೇಳುತ್ತಾ

(ಮುಂಬಯಿಯ ಮಾಟುಂಗಾದಲ್ಲಿ ಕನ್ನಡದ ಸಂಗೀತಪ್ರಿಯರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಹಾಡು ಕೇಳಿಸಿದ ಜಾಗಗಳನ್ನು ಅಲ್ಲಲ್ಲೇ ಸೂಚಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಎರಡು ಪೆಟ್ಟಿಗೆಗಳಿವೆ. ಒಂದರಲ್ಲಿ 7 ಸಿ.ಡಿ., ಇನ್ನೊಂದರಲ್ಲಿ 11. ಇಂಗ್ಲೆಂಡಿನ ಹಾಡುಗಾರ್ತಿ ಕೇಟ್ ಬುಷ್ ತಮ್ಮ 40 ವರ್ಷದ ಕೆಲಸವನ್ನು ಮತ್ತೊಮ್ಮೆ ಕೂತು ಕೇಳಿ, ತಿದ್ದಿ, ಜೋಡಿಸಿ 2018ರ ನವೆಂಬರಿನಲ್ಲಿ ಎರಡು ವಾರದ ಅಂತರದಲ್ಲಿ ಇವನ್ನು ಹೊರತಂದರು. ಎಲ್‌ಪಿ ಇಷ್ಟಪಡುವವರಿಗೆ ಬೇರೆಯಾಗಿ ನಾಲ್ಕು ಪೆಟ್ಟಿಗೆಗಳೂ ಬಂದವು.

ಬಾಕ್ಸ್ ಸೆಟ್ ಅಂದರೆ ನಮಗೆ ಸಾಮಾನ್ಯವಾಗಿ ಏನು ನೆನಪಾಗುತ್ತದೆ? ಕಲಾವಿದರು ತೀರಿಕೊಂಡ ಮೇಲೆ, ಇಲ್ಲವೇ ಹಾಡುವುದನ್ನು ನಿಲ್ಲಿಸಿದ ಮೇಲೆ ಕಂಪನಿಯವರು ಹಳೆಯದನ್ನೆಲ್ಲ ಒಟ್ಟು ಮಾಡಿ ಮಾರುವ ದುಬಾರಿ ಡಬ್ಬ. ಲೆಕ್ಕ ಮುಗಿಯಿತು, ಬೀಗ ಹಾಕಿದೆವು ಅನ್ನುವ ಹಾಗೆ. ಈ ಎರಡು ಪೆಟ್ಟಿಗೆಗಳು ಹಾಗಿಲ್ಲ. ಇದರೊಳಗೆ ಆಕೆಯ ಕೈ ಇನ್ನೂ ಆಡುತ್ತಿದೆ. ಹಳೆಯ ಹಾಡುಗಳನ್ನು ಆಕೆ ಮುಗಿದವು ಅಂತ ಬಿಟ್ಟಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ. ಹಿಂದುಸ್ತಾನಿ ಸಂಗೀತದ ಖಯಾಲ್ ಕೇಳಿ ಬೆಳೆದ ನಮ್ಮ ಕಿವಿಗೆ ಇದು ಬೇಗ ಅರ್ಥವಾಗುತ್ತದೆ ಅಂತಲೂ ನನಗೆ ಅನಿಸುತ್ತದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಆಕೆ ಯಾರು ಅಂತ ಸ್ವಲ್ಪ. ಹುಟ್ಟಿದ್ದು 1958ರ ಜುಲೈ 30. ಮನೆಯಲ್ಲಿ ಜನಪದ ಹಾಡು, ಪಿಯಾನೊ, ಓದುವ ಅಣ್ಣಂದಿರು. ಹತ್ತು ಹನ್ನೆರಡರ ವಯಸ್ಸಿನಿಂದಲೇ ಹಾಡು ಕಟ್ಟುತ್ತಿದ್ದ ಹುಡುಗಿ. ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಡೇವಿಡ್ ಗಿಲ್ಮೋರ್ ಆ ಹಾಡುಗಳನ್ನು ಕೇಳಿ ಬೆರಗಾಗಿ ನೆರವಿಗೆ ನಿಂತರು. 1973ರಲ್ಲಿ ಅವರ ಮನೆಯ ಸ್ಟುಡಿಯೋದಲ್ಲಿ ಮುದ್ರಿಸಿದ ‘ಪಾಸಿಂಗ್ ಥ್ರೂ ಏರ್’ ಎಂಬ ಪುಟ್ಟ ಹಾಡು ಈ ಎರಡನೇ ಪೆಟ್ಟಿಗೆಯಲ್ಲಿದೆ. ಆಗ ಆಕೆಗೆ 15.

1978ರಲ್ಲಿ ಮೊದಲ ಆಲ್ಬಂ ಬಂತು. ಯಾವ ಹಾಡನ್ನು ಮೊದಲು ಬಿಡಬೇಕು ಎನ್ನುವ ಬಗ್ಗೆ ಇಎಂಐ ಕಂಪನಿಯವರ ಆಯ್ಕೆ ಬೇರೆಯಿತ್ತು. 19ರ ಹುಡುಗಿ ಪಟ್ಟು ಬಿಡಲಿಲ್ಲ. ಎಮಿಲಿ ಬ್ರಾಂಟೆಯ ಕಾದಂಬರಿಯನ್ನು ಆಧರಿಸಿ ತಾನೇ ಬರೆದ ‘ವದರಿಂಗ್ ಹೈಟ್ಸ್’ ಮೊದಲು ಬರಬೇಕು ಅಂದರು. ಬಂತು. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿ ಕೂತಿತು. ತಾನೇ ಬರೆದು ಹಾಡಿದ ಹಾಡಿನಿಂದ ಆ ಸ್ಥಾನಕ್ಕೆ ಏರಿದ ಮೊದಲ ಹೆಣ್ಣು ಆಕೆ. ಸತ್ತ ಹೆಣ್ಣೊಬ್ಬಳ ಆತ್ಮ ರಾತ್ರಿ ಕಿಟಕಿ ತಟ್ಟಿ ಒಳಗೆ ಬಿಡು ಅಂತ ಕೇಳುವ ಹಾಡು ಅದು. ದನಿ ಎಲ್ಲೋ ತಾರ ಸಪ್ತಕದಲ್ಲಿ ಓಡಾಡುತ್ತದೆ. ಅಂಥ ಹಾಡು ಮನೆಮಾತಾಯಿತು ಅನ್ನುವುದೇ ಆಶ್ಚರ್ಯ ಅಲ್ವಾ?

(ಇಲ್ಲಿ ‘ವದರಿಂಗ್ ಹೈಟ್ಸ್’ ಹಾಡಿನ ಮೊದಲ ಒಂದು ನಿಮಿಷ ಕೇಳಿಸಲಾಯಿತು.)

ಮುಂದಿನ ವರ್ಷ ಒಂದೇ ಒಂದು ಪ್ರವಾಸ. ಹಾಡು, ಕುಣಿತ, ಜಾದೂ ಎಲ್ಲ ಸೇರಿದ ರಂಗಪ್ರದರ್ಶನ. ಕುಣಿಯುತ್ತಾ ಹಾಡಬೇಕಲ್ಲ, ಕೈಯಲ್ಲಿ ಮೈಕ್ ಹಿಡಿಯಲಾಗದು. ಬಟ್ಟೆ ನೇತುಹಾಕುವ ತಂತಿಯ ಹ್ಯಾಂಗರನ್ನು ಬಗ್ಗಿಸಿ ತಲೆಗೆ ಕಟ್ಟುವ ಮೈಕ್ ಮಾಡಿದರು. ಆ ಪ್ರವಾಸ ಮುಗಿದ ಮೇಲೆ 35 ವರ್ಷ ಆಕೆ ಅಂಥ ಕಛೇರಿಯ ಸಾಲು ಮಾಡಲೇ ಇಲ್ಲ. ಕೆಲಸವೆಲ್ಲ ಸ್ಟುಡಿಯೋದೊಳಗೆ. ಆದ್ದರಿಂದ ಈ ಪೆಟ್ಟಿಗೆಗಳು ಇತರರ ಪೆಟ್ಟಿಗೆಗಳಿಗಿಂತ ಜಾಸ್ತಿ ಮುಖ್ಯ. ಆಕೆಯ ಕಲೆ ಇದ್ದದ್ದೇ ಧ್ವನಿಮುದ್ರಣದಲ್ಲಿ.

ಈಗ ನನಗೆ ತುಂಬ ಪ್ರೀತಿಯ ಭಾಗಕ್ಕೆ ಬರುತ್ತೇನೆ. 1980ರ ‘ನೆವರ್ ಫಾರ್ ಎವರ್’ನಿಂದ 1985ರ ‘ಹೌಂಡ್ಸ್ ಆಫ್ ಲವ್’ ತನಕದ ಮೂರು ಆಲ್ಬಂಗಳು.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಪೀಟರ್ ವೋಗೆಲ್ ಮತ್ತು ಕಿಮ್ ರೈರಿ ಎಂಬ ಇಬ್ಬರು 1979ರಲ್ಲಿ ಫೇರ್‌ಲೈಟ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದರು. ಒಂದು ಕಂಪ್ಯೂಟರ್, ಒಂದು ಪರದೆ, ಒಂದು ಕೀಬೋರ್ಡು. ಮೈಕಿನ ಮುಂದೆ ಯಾವ ಸದ್ದು ಮಾಡಿದರೂ ಅದನ್ನು ಹಿಡಿದು ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ಆಮೇಲೆ ಕೀಲಿ ಒತ್ತಿದರೆ ಅದೇ ಸದ್ದು ಷಡ್ಜದಲ್ಲಿ ಬೇಕಾದರೆ ಷಡ್ಜದಲ್ಲಿ, ಪಂಚಮದಲ್ಲಿ ಬೇಕಾದರೆ ಪಂಚಮದಲ್ಲಿ ಬರುತ್ತದೆ. ನೆನಪಿನ ಶಕ್ತಿ ಬಹಳ ಕಡಿಮೆ. ಹೆಚ್ಚೆಂದರೆ ಒಂದು ಸೆಕೆಂಡಿನಷ್ಟು ಸದ್ದು, ಅದೂ ಸ್ವಲ್ಪ ಒರಟು. ಇವತ್ತಿನ ಮೊಬೈಲಿಗೆ ಅದು ಏನೂ ಅಲ್ಲ. ಆಗ ಅದರ ಬೆಲೆ ಸಾಮಾನ್ಯ ಸಂಗೀತಗಾರರ ಕೈಗೆ ಎಟುಕುವಂತಿರಲಿಲ್ಲ.

ಇಂಗ್ಲೆಂಡಿನ ಇನ್ನೊಬ್ಬ ಹಾಡುಗಾರ ಪೀಟರ್ ಗೇಬ್ರಿಯಲ್ ಮೂಲಕ ಈ ಯಂತ್ರ ಕೇಟ್ ಬುಷ್ ಕಣ್ಣಿಗೆ ಬಿತ್ತು. ಅದರಲ್ಲಿ ಪಿಟೀಲು, ಕಹಳೆಗಳ ನಕಲು ಮಾಡಿಕೊಂಡು ಸುಮ್ನೆ ಇರಬಹುದಿತ್ತು. ಅನೇಕರು ಮಾಡಿದ್ದು ಅಷ್ಟನ್ನೇ. ಈಕೆ ಮಾತ್ರ ಸುತ್ತಲಿನ ಸದ್ದಿನ ಕಡೆ ಕಿವಿ ಕೊಟ್ಟರು. ‘ಬಬೂಷ್ಕಾ’ ಹಾಡಿಗೆ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಗಾಜಿನ ಪಾತ್ರೆಗಳನ್ನು ಒಡೆದು, ಆ ಸದ್ದನ್ನು ಯಂತ್ರಕ್ಕೆ ಹಾಕಿ, ಕೀಲಿಗಳ ಮೇಲೆ ನುಡಿಸಿದರು. ಗಂಡನ ನಿಷ್ಠೆ ಪರೀಕ್ಷಿಸಲು ಹೋಗಿ ಸಂಸಾರವನ್ನೇ ಕೆಡಿಸಿಕೊಳ್ಳುವ ಹೆಂಗಸಿನ ಕಥೆ ಅದು. ಗಾಜು ಅಲ್ಲಿ ಬರೀ ಅಲಂಕಾರಕ್ಕೆ ಬಂದದ್ದಲ್ಲ. ‘ಆರ್ಮಿ ಡ್ರೀಮರ್ಸ್’ನಲ್ಲಿ ಮಗನನ್ನು ಸೈನ್ಯದಲ್ಲಿ ಕಳೆದುಕೊಂಡ ತಾಯಿ ಮೆಲ್ಲಗೆ ಹಾಡುತ್ತಾಳೆ. ತಾಳ ಹಾಕುವುದು ಬಂದೂಕಿನ ಕುದುರೆ ಎಳೆಯುವ ಸದ್ದು.

(ಇಲ್ಲಿ ‘ಆರ್ಮಿ ಡ್ರೀಮರ್ಸ್’ನ ಆರಂಭ ಕೇಳಿಸಲಾಯಿತು.)

ಕೇಳಿದಿರಲ್ಲ. ಮೂರರ ಲಯ, ತೂಗುವ ಹಾಗೆ. ಅದರೊಳಗೆ ಆ ಲೋಹದ ಕಟಕಟ.

1982ರ ‘ದ ಡ್ರೀಮಿಂಗ್’ ಆಕೆ ಒಬ್ಬರೇ ನಿರ್ಮಾಣ ಮಾಡಿದ ಮೊದಲ ಆಲ್ಬಂ. ಒಂದು ಹಾಡಿಗೆ ದನಿ ಒರಟಾಗಬೇಕು ಅಂತ ಹಾಲು ಕುಡಿದು ಚಾಕೊಲೇಟ್ ತಿಂದು ಹಾಡಿದರು. ನಮ್ಮಲ್ಲಿ ಹಾಡುವವರು ಗಂಟಲಿಗೆ ಕಟ್ಟುತ್ತದೆ ಅಂತ ದೂರ ಇಡುವ ಪದಾರ್ಥಗಳನ್ನೇ! ಇನ್ನೊಂದು ಹಾಡು ಕತ್ತೆಯ ಅರಚಾಟದಲ್ಲಿ ಮುಗಿಯುತ್ತದೆ. ಆಲ್ಬಂ ಮೂರನೇ ಸ್ಥಾನದವರೆಗೆ ಹೋದರೂ ಮಾರಾಟ ಹಿಂದಿನಷ್ಟು ಆಗಲಿಲ್ಲ. ಆಕೆ ಹಿಂದೆ ಸರಿದು ಸುಲಭದ ಹಾಡು ಬರೆಯಲಿಲ್ಲ. ಹುಟ್ಟಿ ಬೆಳೆದ ಮನೆಯ ಜಾಗದಲ್ಲೇ ಸ್ವಂತ ಸ್ಟುಡಿಯೋ ಕಟ್ಟಿಕೊಂಡರು. ಗಂಟೆಗೆ ಇಷ್ಟು ಅಂತ ಬಾಡಿಗೆ ಏರುವ ಗಡಿಯಾರ ಈಗ ಇಲ್ಲ. ಬೇಕಾದಷ್ಟು ಹೊತ್ತು ಒಂದು ಸದ್ದಿನ ಹಿಂದೆ ಹೋಗಬಹುದು.

ಅಲ್ಲಿ ಹುಟ್ಟಿದ್ದು ‘ಹೌಂಡ್ಸ್ ಆಫ್ ಲವ್’. ಎಲ್‌ಪಿಯ ಒಂದು ಬದಿಯಲ್ಲಿ ಐದು ಬಿಡಿ ಹಾಡುಗಳು. ‘ರನ್ನಿಂಗ್ ಅಪ್ ದಟ್ ಹಿಲ್’ ಅವುಗಳಲ್ಲಿ ಮೊದಲನೆಯದು. 37 ವರ್ಷದ ನಂತರ, 2022ರಲ್ಲಿ, ಒಂದು ಟೀವಿ ಧಾರಾವಾಹಿಯಿಂದಾಗಿ ಆ ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ನಿಮ್ಮ ಮನೆಯ ಮಕ್ಕಳಿಗೇ ಗೊತ್ತಿರುತ್ತದೆ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನ್ನ ಮಟ್ಟಿಗೆ ಆ ಆಲ್ಬಂನ ಜೀವ ಇರುವುದು ಎರಡನೇ ಬದಿಯಲ್ಲಿ.

ಏಳು ಹಾಡುಗಳ ಒಂದೇ ಕಥೆ. ಹೆಸರು ‘ದ ನೈಂತ್ ವೇವ್’. ಹಡಗಿನಿಂದ ಬಿದ್ದ ಒಬ್ಬ ಹೆಂಗಸು ರಾತ್ರಿ ಸಮುದ್ರದಲ್ಲಿ ತೇಲುತ್ತಿದ್ದಾಳೆ. ಮೈಮೇಲೆ ಜೀವರಕ್ಷಕ ಅಂಗಿ, ಅದರ ಮೇಲೊಂದು ಪುಟ್ಟ ದೀಪ. ನಿದ್ದೆ ಬಂದರೆ ಮುಳುಗುತ್ತಾಳೆ. ನಿದ್ದೆಯೋ ತಡೆಯುವಂತಿಲ್ಲ. ಅಲ್ಲಿಂದ ಕನಸು ಶುರು. ಮಂಜುಗಡ್ಡೆಯ ಕೆಳಗೆ ತನ್ನನ್ನೇ ಕಾಣುತ್ತಾಳೆ. ಮಾಟಗಾತಿ ಅಂತ ಅವಳ ವಿಚಾರಣೆ ನಡೆಯುತ್ತದೆ. ಮನೆಗೆ ಹೋದರೆ ಮನೆಯವರಿಗೆ ಅವಳು ಕಾಣಿಸುವುದೇ ಇಲ್ಲ. ಮುಂದೆ ಬದುಕಬೇಕಾದ ಮುದುಕಿ, ಅಂದರೆ ಅವಳೇ, ಬಂದು ನನ್ನನ್ನು ಸಾಯಿಸಬೇಡ ಅಂತ ಕೇಳಿಕೊಳ್ಳುತ್ತಾಳೆ. ಇದೆಲ್ಲ ಸುಮಾರು 26 ನಿಮಿಷ. ಐರಿಷ್ ಕುಣಿತದ ಲಯ, ಜಾರ್ಜಿಯಾ ದೇಶದ ಜನಪದ ಹಾಡಿನ ಗಂಡಸರ ಮೇಳ, ಹೆಲಿಕಾಪ್ಟರಿನ ಸದ್ದು, ಎಲ್ಲ ಅದರೊಳಗೆ ಸೇರಿಕೊಂಡಿವೆ. ಎಲ್ಲೂ ಅಂಟಿಸಿದ ಹಾಗಿಲ್ಲ. ಪಾಪ್ ಸಂಗೀತದಲ್ಲಿ ಇದಕ್ಕಿಂತ ದೊಡ್ಡ ಕೆಲಸ ನಾನು ಕೇಳಿಲ್ಲ.

ಪೆಟ್ಟಿಗೆಯಲ್ಲಿ ಈ ಏಳು ಹಾಡುಗಳು ಎರಡು ಸಲ ಬರುತ್ತವೆ. 1985ರ ರೂಪದಲ್ಲಿ ಒಮ್ಮೆ. 2014ರಲ್ಲಿ ಲಂಡನ್ನಿನಲ್ಲಿ ಆಕೆ ಮರಳಿ ವೇದಿಕೆ ಹತ್ತಿ 22 ರಾತ್ರಿ ಪ್ರದರ್ಶನ ಕೊಟ್ಟರಲ್ಲ, ಅದರ ಮೂರು ಡಿಸ್ಕಿನ ‘ಬಿಫೋರ್ ದ ಡಾನ್’ನಲ್ಲಿ ಇನ್ನೊಮ್ಮೆ. ಪ್ರದರ್ಶನದಲ್ಲಿ ತೋರಿಸಿದ ಚಿತ್ರಕ್ಕಾಗಿ ಆಕೆ ನಿಜವಾಗಿಯೂ ನೀರಿನ ತೊಟ್ಟಿಯಲ್ಲಿ ಗಂಟೆಗಟ್ಟಲೆ ತೇಲುತ್ತಾ ಹಾಡಿದ್ದರು. 27ರ ಹುಡುಗಿ ಊಹಿಸಿ ಹಾಡಿದ ಸಾವಿನ ಭಯವನ್ನು 56ರ ತಾಯಿ ಮತ್ತೆ ಹಾಡುತ್ತಾರೆ. ಮುದುಕಿ ಬಂದು ಬೇಡಿಕೊಳ್ಳುವ ಆ ಹಾಡಿದೆಯಲ್ಲ, ಅದನ್ನು ಎರಡೂ ರೂಪದಲ್ಲಿ ಒಂದಾದ ಮೇಲೊಂದು ಕೇಳಿ. 1985ರಲ್ಲಿ ಮುದುಕಿ ದೂರದಲ್ಲಿದ್ದಾಳೆ. 2014ರಲ್ಲಿ ಹಾಡುತ್ತಿರುವವರು ಆ ಮುದುಕಿಯ ಕಡೆಗೇ ಅರ್ಧ ದಾರಿ ಬಂದಿದ್ದಾರೆ.

(ಎರಡೂ ರೂಪಗಳ ತುಣುಕು ಕೇಳಿಸಲಾಯಿತು.)

ನಮ್ಮ ಕಿವಿಯ ವಿಷಯ ಆಮೇಲೆ ಹೇಳುತ್ತೇನೆ ಅಂದಿದ್ದೆ. ಅದಕ್ಕೆ ಇದೇ ಜಾಗ.

ಪಾಪ್ ಸಂಗೀತದಲ್ಲಿ ಮುದ್ರಿಕೆಯೇ ಹಾಡು. 1989ರಲ್ಲಿ ಒಂದು ಹಾಡು ಹೇಗೆ ಮುದ್ರಣವಾಯಿತೋ ಅದೇ ಅಸಲು, ಮಿಕ್ಕಿದ್ದೆಲ್ಲ ನಕಲು. ಅಭಿಮಾನಿಗಳು ಒಂದು ಉಸಿರು ಆಚೀಚೆ ಆದರೂ ಮುನಿಸಿಕೊಳ್ಳುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಮಲ್ಲಿಕಾರ್ಜುನ ಮನ್ಸೂರರು ಮಂಜಿ ಖಾನ್ ಅವರ ಬಳಿ ಕಲಿತದ್ದು ಇದೇ ಮುಂಬಯಿಯಲ್ಲಿ. 1930ರ ದಶಕದಲ್ಲಿ ಅವರು 78 ಆರ್‌ಪಿಎಂ ತಟ್ಟೆಗಳಿಗೆ ಹಾಡಿದರು. ಒಂದು ಬದಿಗೆ ಸುಮಾರು ಮೂರು ನಿಮಿಷ. ಅದೇ ರಾಗವನ್ನು ಎಂಬತ್ತರ ಹತ್ತಿರದಲ್ಲಿ ಅವರು ಹಾಡಿದಾಗ, ಯಾವುದು ಅಸಲು ಅಂತ ಯಾರಾದರೂ ಕೇಳಿದರೇ? ತಟ್ಟೆ ಆ ದಿನದ್ದು. ರಾಗ ಇನ್ನೂ ನಡೆಯುತ್ತಲೇ ಇದೆ. ಇದು ನಮಗೆ ಹೇಳಿಕೊಡಬೇಕಾದ ವಿಷಯವೇ ಅಲ್ಲ.

ಕುಮಾರ ಗಂಧರ್ವರನ್ನು ನೋಡಿ. ಬೆಳಗಾವಿ ಕಡೆಯ ಸುಳೇಭಾವಿಯ ಹುಡುಗ. ಸಣ್ಣ ವಯಸ್ಸಿನಲ್ಲೇ ಹೆಸರಾಗಿ, ಮುಂಬಯಿಯಲ್ಲಿ ದೇವಧರ ಮಾಸ್ತರರ ಶಾಲೆಯಲ್ಲಿ ಕಲಿತವರು. ಕ್ಷಯ ಬಂತು, ಮಧ್ಯಪ್ರದೇಶದ ದೇವಾಸಕ್ಕೆ ಹೋದರು, ವರ್ಷಗಟ್ಟಲೆ ಹಾಡಲಾಗಲಿಲ್ಲ. ತಿರುಗಿ ಬಂದಾಗ ಉಸಿರು ಮೊದಲಿನಷ್ಟಿರಲಿಲ್ಲ, ಆ ಉಸಿರಿಗೆ ತಕ್ಕ ಹೊಸ ಹಾಡುಗಾರಿಕೆಯನ್ನೇ ಕಟ್ಟಿದರು. ಅವರ ಮೊದಲಿನ ದನಿಯೇ ನಿಜ, ಆಮೇಲಿನದು ತಿದ್ದುಪಡಿ ಅಂತ ನಾವು ಯಾರೂ ಅನ್ನುವುದಿಲ್ಲ.

ಕೇಟ್ ಬುಷ್ 2011ರಲ್ಲಿ ‘ಡೈರೆಕ್ಟರ್ಸ್ ಕಟ್’ ಎಂಬ ಆಲ್ಬಂ ತಂದಾಗ ಅವರಿಗೆ ಬೇಕಿದ್ದುದು ಇಂಥದೇ ಸ್ವಾತಂತ್ರ್ಯ ಅಂತ ನನ್ನ ನಂಬಿಕೆ. 1989ರ ‘ದ ಸೆನ್ಷುಯಲ್ ವರ್ಲ್ಡ್’ನಿಂದ ನಾಲ್ಕು ಹಾಡು, 1993ರ ‘ದ ರೆಡ್ ಶೂಸ್’ನಿಂದ ಏಳು ಹಾಡು ತೆಗೆದುಕೊಂಡು ಮತ್ತೆ ಹಾಡಿದರು. ವಾದ್ಯಗಳಲ್ಲಿ ಕೆಲವನ್ನು ಹಾಗೇ ಉಳಿಸಿದರು. ಡ್ರಮ್ ಹೊಸದು. ಗಂಟಲು ಇಳಿದಿತ್ತು, ಶ್ರುತಿಯನ್ನೂ ಇಳಿಸಿದರು. ಹೆರಿಗೆಯ ಹೊತ್ತಿನಲ್ಲಿ ಹೊರಗೆ ಕಾಯುತ್ತಾ ನಿಂತ ಗಂಡಸಿನ ತಳಮಳವನ್ನು ಹೇಳುವ ‘ದಿಸ್ ವುಮನ್ಸ್ ವರ್ಕ್’ ಮೊದಲು ಮೂರೂವರೆ ನಿಮಿಷದ ಹಾಡಾಗಿತ್ತು. ಈಗ ಆರು ನಿಮಿಷ ದಾಟಿತು. ಸ್ವರಗಳ ನಡುವೆ ಜಾಗ ಬಿಟ್ಟು, ವಿಲಂಬಿತಕ್ಕೆ ಇಳಿಸಿದ ಹಾಗೆ. ಅನೇಕ ಅಭಿಮಾನಿಗಳಿಗೆ ಇದು ಹಿಡಿಸಲಿಲ್ಲ. ನನಗೆ ಎರಡೂ ಬೇಕು. ಪೆಟ್ಟಿಗೆ ಎರಡನ್ನೂ ಕೊಡುತ್ತದೆ.

ಅದರಲ್ಲೇ ಇನ್ನೊಂದು ಕಥೆಯಿದೆ. ‘ದ ಸೆನ್ಷುಯಲ್ ವರ್ಲ್ಡ್’ ಹಾಡಿಗೆ ಜೇಮ್ಸ್ ಜಾಯ್ಸ್ ಅವರ ‘ಯೂಲಿಸಿಸ್’ ಕಾದಂಬರಿಯ ಕೊನೆಯಲ್ಲಿ ಬರುವ ಮಾಲಿ ಬ್ಲೂಮಳ ಮಾತುಗಳನ್ನೇ ಹಾಡಬೇಕು ಅಂತ ಆಕೆಗಿತ್ತು. ಹಕ್ಕಿದ್ದವರು ಒಪ್ಪಲಿಲ್ಲ. ಆಕೆ ತನ್ನದೇ ಮಾತು ಬರೆದು ಹಾಡು ಮುಗಿಸಿದರು. 22 ವರ್ಷದ ನಂತರ ಮತ್ತೆ ಕೇಳಿದರು. ಈ ಸಲ ಒಪ್ಪಿಗೆ ಸಿಕ್ಕಿತು. ಅದೇ ಸಂಗೀತಕ್ಕೆ ಜಾಯ್ಸ್ ಅವರ ಮಾತುಗಳನ್ನು ಕೂರಿಸಿ ಹಾಡಿದರು. ಇಷ್ಟು ಕಾಲ ಒಂದು ಹಾಡನ್ನು ಮನಸ್ಸಿನಲ್ಲಿ ತೆರೆದಿಟ್ಟುಕೊಂಡಿರುವುದು ಸಣ್ಣ ಮಾತಲ್ಲ.

ಇನ್ನು ರೀಮಾಸ್ಟರಿಂಗ್. ಚುಟುಕಾಗಿ ಹೇಳಿಬಿಡುತ್ತೇನೆ. ಎಲ್ಲ ದನಿ, ವಾದ್ಯಗಳನ್ನು ಹದವಾಗಿ ಕೂಡಿಸಿದ ಮೇಲೆ ಸಿಗುವ ಟೇಪನ್ನು ತಟ್ಟೆಗೋ ಸಿ.ಡಿ.ಗೋ ಹೊಂದಿಸುವ ಕೊನೆಯ ಕೆಲಸ ಮಾಸ್ಟರಿಂಗ್. ಅದನ್ನು ಹೊಸದಾಗಿ ಮಾಡುವುದು ರೀಮಾಸ್ಟರಿಂಗ್. 1990ರ ದಶಕದ ನಂತರ ಇದರ ಹೆಸರಿನಲ್ಲಿ ಬಹಳ ಹಾಡುಗಳನ್ನು ಕೆಡಿಸಿದ್ದಾರೆ. ಮೆಲ್ಲಗಿನದನ್ನೂ ಜೋರು ಮಾಡಿ, ಎಲ್ಲ ಪಲ್ಯಕ್ಕೂ ಒಂದೇ ಖಾರ ಹಾಕಿದ ಹಾಗೆ ಮಾಡಿಟ್ಟರು. ಇಲ್ಲಿ ಆಕೆಯ ಜೊತೆ ಕೂತವರು ಪಿಂಕ್ ಫ್ಲಾಯ್ಡ್ ಜೊತೆ ಕೆಲಸ ಮಾಡಿದ ಜೇಮ್ಸ್ ಗಥ್ರಿ. ನನ್ನ ಕಿವಿಗೆ ಮೆಲುದನಿ ಮೆಲುದನಿಯಾಗಿಯೇ ಉಳಿದಿದೆ. ‘ದ ಡ್ರೀಮಿಂಗ್’ನ ಗಿಜಿಗಿಜಿಯಲ್ಲೂ ಒಂದೊಂದು ದನಿ ಎಲ್ಲಿ ನಿಂತಿದೆ ಅಂತ ಈಗ ತೋರಿಸಬಹುದು.

ಈಗ ಸ್ವಲ್ಪ ಕಷ್ಟದ ವಿಷಯ.

2005ರ ‘ಏರಿಯಲ್’ ಹಿಂದಿನ ಆಲ್ಬಂ ಆಗಿ 12 ವರ್ಷದ ಮೇಲೆ ಬಂದದ್ದು. ಎರಡನೇ ಡಿಸ್ಕು ಬೇಸಿಗೆಯ ಒಂದು ದಿನದ ಕಥೆ. ಹಕ್ಕಿಗಳ ಸದ್ದು, ಬಯಲಿನಲ್ಲಿ ಚಿತ್ರ ಬರೆಯುವ ಒಬ್ಬ ಕಲಾವಿದ. ಆ ಕಲಾವಿದನ ದನಿ ಕೊಟ್ಟದ್ದು ಆಸ್ಟ್ರೇಲಿಯಾದ ರಾಲ್ಫ್ ಹ್ಯಾರಿಸ್. 2014ರಲ್ಲಿ, ಹೆಣ್ಣುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಅಪರಾಧ ರುಜುವಾತಾಗಿ ಆತ ಜೈಲಿಗೆ ಹೋದ. 2018ರ ಪೆಟ್ಟಿಗೆಯಲ್ಲಿ ಆತನ ದನಿ ಇಲ್ಲ. ಆ ಜಾಗದಲ್ಲಿ ಕೇಟ್ ಬುಷ್ ಅವರ ಮಗ ಬರ್ಟಿ ಹಾಡಿದ್ದಾನೆ.

ದಾಖಲೆಯನ್ನು ಹೀಗೆ ತಿದ್ದಬಹುದೇ? ಪತ್ರಾಗಾರ ನಡೆಸುವವರು ಹೀಗೆ ಮಾಡಿದರೆ ನಾನು ಖಂಡಿತ ಒಪ್ಪುವುದಿಲ್ಲ. ಆದರೆ ಇಲ್ಲಿ ತಿದ್ದಿದವರು ಹಾಡು ಕಟ್ಟಿದವರೇ. ಆ ದನಿಯನ್ನು ತನ್ನ ಬೇಸಿಗೆಯ ದಿನದಲ್ಲಿ ಇಟ್ಟುಕೊಳ್ಳಬೇಕೋ ಬೇಡವೋ ಅನ್ನುವುದು ಅವರ ಹಕ್ಕು. ಅವರು ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. 2005ರ ಡಿಸ್ಕು ಇರುವವರ ಮನೆಯಲ್ಲಿ ಹಳೆಯದೂ ಇದೆ. ಅದನ್ನು ಯಾರೂ ಕಸಿದುಕೊಂಡಿಲ್ಲ.

ಇದರಿಂದ ಪೆಟ್ಟಿಗೆಯೊಳಗೆ ಇನ್ನೊಂದು ಕಥೆಯೂ ಹುಟ್ಟಿತು. ಬರ್ಟಿ ಹುಟ್ಟಿದ್ದು 1998ರಲ್ಲಿ. ‘ಏರಿಯಲ್’ನಲ್ಲಿ ಅವನ ಹೆಸರಿನದೇ ಒಂದು ಹಾಡಿದೆ, ತಾಯಿಯ ಮುದ್ದು ತುಂಬಿದ್ದು. ಹಕ್ಕಿಗಳ ಬಗ್ಗೆ ಮಾತಾಡುವ ಅವನ ಎಳೆ ದನಿಯೂ ಅಲ್ಲಿದೆ. 2011ರ ‘50 ವರ್ಡ್ಸ್ ಫಾರ್ ಸ್ನೋ’ದ ಮೊದಲ ಹಾಡಿನಲ್ಲಿ ಅವನೇ ಹಿಮದ ಹರಳು. ಗಂಟಲು ಒಡೆಯುವ ಮೊದಲಿನ ಹುಡುಗನ ದನಿ. 2014ರ ವೇದಿಕೆಯಲ್ಲಿ 16ರ ಹುಡುಗ, ಚಿತ್ರಕಾರನ ಪಾತ್ರ ಅವನದೇ. ಆ ಪಾತ್ರವೇ 2018ರಲ್ಲಿ ‘ಏರಿಯಲ್’ನೊಳಕ್ಕೆ ಬಂತು. ಹಾಗಾಗಿ ಈಗ ಆ ಒಂದೇ ಡಿಸ್ಕಿನಲ್ಲಿ ಬರ್ಟಿ ಮಗುವಾಗಿಯೂ ಇದ್ದಾನೆ, ಬೆಳೆದ ಗಂಡಸಾಗಿಯೂ ಇದ್ದಾನೆ. ಒಂದು ದಿನದ ಕಥೆ ಹೇಳುವ ಹಾಡುಗಳೊಳಗೆ ಹತ್ತಾರು ವರ್ಷ ಬಂದು ಕೂತಿವೆ. 2005ರಲ್ಲಿ ಇಂಥದ್ದು ಸಾಧ್ಯವೇ ಇರಲಿಲ್ಲ. ಇದನ್ನು ಕೇಳಿದ ಮೇಲೆ ನನಗೆ ಪೆಟ್ಟಿಗೆಯೇ ಒಂದು ಹೊಸ ಕೃತಿ ಅನ್ನಿಸಿತು.

ಕೊನೆಯ ನಾಲ್ಕು ಡಿಸ್ಕುಗಳಲ್ಲಿ ಆಲ್ಬಂಗಳಿಗೆ ಸೇರದ ಹಾಡುಗಳಿವೆ. ಎಲ್ಲವೂ ಒಂದೇ ಮಟ್ಟದಲ್ಲಿಲ್ಲ. ಹಾಡುಗಳನ್ನು ಹಿಗ್ಗಿಸಿ ಮಾಡಿದ ಉದ್ದದ ಮಿಕ್ಸುಗಳು ನನಗೆ ಅಷ್ಟು ಬೇಕೆನಿಸುವುದಿಲ್ಲ. ಆದರೆ 1985ರ ‘ಅಂಡರ್ ದಿ ಐವಿ’ ಕೇಳದೆ ಇರಬೇಡಿ. ಪಿಯಾನೊ, ದನಿ, ಎರಡೇ. ಸಿಂಗಲ್ ತಟ್ಟೆಯ ಹಿಂಬದಿಯಲ್ಲಿ ಅಡಗಿದ್ದ ಹಾಡು ಅದು. ಇತರರ ಹಾಡುಗಳನ್ನು ಆಕೆ ಹಾಡಿದ ಡಿಸ್ಕಿನಲ್ಲಿ ಐರಿಷ್ ಭಾಷೆಯ ‘ಮ್ನಾ ನಾ ಹೆರಿನ್’ ಇದೆ. ಆಕೆಯ ತಾಯಿ ಐರ್ಲೆಂಡಿನವರು. ಪರಊರಿನಲ್ಲಿ ಹುಟ್ಟಿದ ಮಕ್ಕಳು ತಾಯಿಯ ಕಡೆಯ ಭಾಷೆಯಲ್ಲಿ ಹಾಡುವಾಗ ಎಷ್ಟು ಜೋಪಾನವಾಗಿ ಒಂದೊಂದು ಅಕ್ಷರ ಹಿಡಿಯುತ್ತಾರೆ ಅಂತ ಮುಂಬಯಿಯ ಕನ್ನಡಿಗರಿಗೆ ನಾನು ಹೇಳಬೇಕಿಲ್ಲ.

ಮಾತು ಮುಗಿದ ಮೇಲೆ ಹಿರಿಯರೊಬ್ಬರು ಕೇಳಿದರು: “ಎಲ್ಲ ಮೊಬೈಲಿನಲ್ಲೇ ಸಿಗುತ್ತದಲ್ಲ ಸರ್, ಪೆಟ್ಟಿಗೆ ಯಾಕೆ ಬೇಕು?”

ನ್ಯಾಯವಾದ ಪ್ರಶ್ನೆ. ಕೇಳುವುದಕ್ಕಷ್ಟೇ ಆದರೆ ಮೊಬೈಲು ಸಾಕು. ಕಾಲಾ ಘೋಡಾದ ರಿದಮ್ ಹೌಸ್ 2016ರಲ್ಲಿ ಮುಚ್ಚಿದ ಮೇಲೆ ನಮ್ಮ ಊರಿನಲ್ಲಿ ಅಂಗಡಿಯಲ್ಲಿ ನಿಂತು ಕೇಳಿ ಕೊಳ್ಳುವುದು ಹೆಚ್ಚುಕಡಿಮೆ ನಿಂತೇಹೋಯಿತು. ಆದರೆ ಈಗಷ್ಟೇ ಹೇಳಿದ ವಿಷಯ ನೋಡಿ. ಮೊಬೈಲಿನಲ್ಲಿ ಒಂದು ಹಾಡಿನ ರೂಪ ಬದಲಾದರೆ ಹಳೆಯದು ಸದ್ದಿಲ್ಲದೆ ಮಾಯವಾಗಬಹುದು. ಬದಲಾಯಿತು ಅನ್ನುವುದೂ ನಮಗೆ ಗೊತ್ತಾಗುವುದಿಲ್ಲ. ಕೈಯಲ್ಲಿ ಹಳೆಯ ಡಿಸ್ಕು, ಹೊಸ ಡಿಸ್ಕು ಎರಡೂ ಇದ್ದರೆ ಆಕೆ ಏನು ಮಾಡಿದರು ಅಂತ ಪಕ್ಕಪಕ್ಕದಲ್ಲಿಟ್ಟು ಕೇಳಬಹುದು. ಇಂಥ ಕಲಾವಿದರ ವಿಷಯದಲ್ಲಿ ಆ ಬದಲಾವಣೆಯೇ ಅರ್ಧ ಕಲೆ.

ಕಾಲೇಜಿನಲ್ಲಿ ಓದುವ ಒಬ್ಬ ಹುಡುಗಿ ಕೇಳಿದಳು: “ಎಲ್ಲಿಂದ ಶುರು ಮಾಡಲಿ?”

‘ಹೌಂಡ್ಸ್ ಆಫ್ ಲವ್’ನ ಎರಡನೇ ಭಾಗದಿಂದ, ಅಮ್ಮಾ. ಏಳು ಹಾಡನ್ನೂ ನಡುವೆ ನಿಲ್ಲಿಸದೆ ಕೇಳು. ಲೋಕಲ್ ಟ್ರೇನಿನಲ್ಲಿ ಬೇಡ, ಮನೆಯಲ್ಲಿ. ಮರುದಿನ ಅದೇ ಏಳು ಹಾಡನ್ನು 2014ರ ರೂಪದಲ್ಲಿ. ಆಮೇಲೆ ‘ಏರಿಯಲ್’ನ ಎರಡನೇ ಡಿಸ್ಕು. 1978ಕ್ಕೆ ಕೊನೆಯಲ್ಲಿ ಹೋಗು. ಮೊದಲ ಆಲ್ಬಂನಿಂದ ಶುರು ಮಾಡಿದವರಲ್ಲಿ ಕೆಲವರು ಆ ಎತ್ತರದ ದನಿಗೆ ಗಾಬರಿಯಾಗಿ ಅಲ್ಲೇ ನಿಲ್ಲಿಸಿಬಿಡುತ್ತಾರೆ. ಆ ದನಿ ಮುಂದೆ ಎಲ್ಲಿಗೆ ಇಳಿಯಿತು ಅಂತ ತಿಳಿದ ಮೇಲೆ ಕೇಳಿದರೆ, ಅದೇ ಎತ್ತರ ಬೇರೆಯಾಗಿ ಕೇಳಿಸುತ್ತದೆ.